ಮೊದಲು ಬಿಡಿಸು, ಆಮೇಲೆ ಅಳೆ

ಬಸವನಗುಡಿಯ ಓದುಗರ ಬಳಗವೊಂದರಲ್ಲಿ ಭಾನುವಾರ ಬೆಳಗ್ಗೆ ನಾನು ಆಡಿದ ಮಾತುಗಳ ಬರಹ ರೂಪ ಇದು. ಮಾತಿನ ಭರದಲ್ಲಿ ಓಡಿಹೋಗಿದ್ದ ಕೆಲವು ಕಡೆ ಬರೆಯುವಾಗ ಸ್ವಲ್ಪ ನಿಂತಿದ್ದೇನೆ.

ಎಲ್ಲರಿಗೂ ನಮಸ್ಕಾರ. ಮಾತು ಶುರು ಮಾಡುವ ಮೊದಲು ಒಂದು ಸಣ್ಣ ಕೆಲಸ ಇದೆ. ಈ ಮೇಜಿನ ಮೇಲೆ ಎರಡು ಸೀಮೆಸುಣ್ಣ ಇಟ್ಟಿದ್ದೇನೆ. ನಿನ್ನೆ ಸಂಜೆ ಗಾಂಧಿ ಬಜಾರಿನ ಅಂಗಡಿಯಲ್ಲಿ ತಂದದ್ದು. ಒಂದರ ಮೇಲೆ, ಬುಡದಿಂದ ಒಂದು ಬೆರಳಗಲ ಬಿಟ್ಟು, ಮಕ್ಕಳ ಕಪ್ಪು ಸ್ಕೆಚ್ ಪೆನ್ನಿನಿಂದ ಚುಕ್ಕೆ ಇಟ್ಟಿದ್ದೇನೆ. ಇನ್ನೊಂದರ ಮೇಲೆ ಪರ್ಮನೆಂಟ್ ಮಾರ್ಕರ್‌ನಿಂದ ಅಂಥದ್ದೇ ಚುಕ್ಕೆ. ಈಗ ಎರಡನ್ನೂ ಎರಡು ಗಾಜಿನ ಲೋಟದಲ್ಲಿ ನಿಲ್ಲಿಸುತ್ತೇನೆ. ತಳದಲ್ಲಿ ಅರ್ಧ ಬೆರಳಗಲದಷ್ಟು ನೀರಿದೆ. ಚುಕ್ಕೆ ನೀರಿಗೆ ಮುಳುಗಬಾರದು, ಅಷ್ಟು ನೋಡಿಕೊಂಡರೆ ಸಾಕು. ಆಯಿತು. ಮುಂದಿನ ಸಾಲಿನ ಮಕ್ಕಳೇ, ನನ್ನ ಕಡೆ ನೋಡದಿದ್ದರೂ ಪರವಾಗಿಲ್ಲ, ಈ ಲೋಟಗಳನ್ನು ನೋಡುತ್ತಿರಿ.

ನಾನು 22 ವರ್ಷ ಬೊಮ್ಮಸಂದ್ರ, ಜಿಗಣಿ ಕಡೆಯ ಔಷಧಿ ಕಾರ್ಖಾನೆಗಳ ಕ್ಯೂಸಿ, ಅಂದರೆ ಗುಣಮಟ್ಟ ಪರೀಕ್ಷಿಸುವ ಲ್ಯಾಬುಗಳಲ್ಲಿ ಕೆಲಸ ಮಾಡಿದೆ. ಈಗ ಫಾರ್ಮಸಿ ಓದುವ ಮಕ್ಕಳಿಗೆ ಪಾಠ ಹೇಳುತ್ತೇನೆ. ಮದುವೆ ಮನೆಯಲ್ಲಿ, ಬಸ್ಸಿನಲ್ಲಿ, ಎಲ್ಲಿ ಹೋದರೂ ಜನ ನನ್ನನ್ನು ಕೇಳುವ ಪ್ರಶ್ನೆ ಒಂದೇ. "ಈ ಮಾತ್ರೆಯಲ್ಲಿ ಬರೆದಷ್ಟು ಔಷಧಿ ನಿಜವಾಗಲೂ ಇರುತ್ತಾ?" ಒಳ್ಳೆಯ ಪ್ರಶ್ನೆ. ಆದರೆ ಅದರ ಜೊತೆ ಇನ್ನೊಂದು ಪ್ರಶ್ನೆಯನ್ನೂ ಕೇಳಬೇಕು. ಬರೆಯದೇ ಇರುವುದು ಏನಾದರೂ ಇದೆಯಾ? ಈ ಎರಡಕ್ಕೂ ಲ್ಯಾಬು ಉತ್ತರ ಹುಡುಕುವ ದಾರಿಯ ಹೆಸರು ಕ್ರೊಮ್ಯಾಟೋಗ್ರಫಿ. ಕನ್ನಡದಲ್ಲಿ ವರ್ಣರೇಖನ ಅಂತಲೂ ಬರೆಯುತ್ತಾರೆ. ನಾನು ಲ್ಯಾಬಿನಲ್ಲಿ ಬಳಸುವ ಹೆಸರನ್ನೇ ಬಳಸುತ್ತೇನೆ.

ಅಳೆಯುವುದಕ್ಕೆ ಬೇರೆ ದಾರಿಗಳೇ ಇಲ್ಲವಾ? ಇವೆ. ಹಾಗಾದರೆ ಇದೇ ಯಾಕೆ ಬೇಕು? ಆಸ್ಪಿರಿನ್ ಉದಾಹರಣೆ ತೆಗೆದುಕೊಳ್ಳೋಣ. ಕಾಲೇಜಿನಲ್ಲಿ ಆಸ್ಪಿರಿನ್ ಅಳೆಯುವುದನ್ನು ಹೀಗೆ ಕಲಿಸುತ್ತಾರೆ: ಪುಡಿ ಮಾಡಿ, ಗೊತ್ತಿರುವಷ್ಟು ಕಾಸ್ಟಿಕ್ ಸೋಡಾ ಹಾಕಿ ಕುದಿಸಿ. ಎಷ್ಟು ಸೋಡಾ ಖರ್ಚಾಯಿತು ಅನ್ನುವುದನ್ನು ಟೈಟ್ರೇಷನ್ ಮಾಡಿ, ಅಂದರೆ ಉಳಿದ ಸೋಡಾಕ್ಕೆ ಆಮ್ಲವನ್ನು ಹನಿಹನಿಯಾಗಿ ಹಾಕಿ, ನೋಡಿ. ಒಂದು ಆಸ್ಪಿರಿನ್ ಅಣುವಿಗೆ ಎರಡು ಪಾಲು ಸೋಡಾ ಬೇಕು. ಈಗ ಯೋಚಿಸಿ. ಆಸ್ಪಿರಿನ್‌ಗೆ ತೇವ ತಗುಲಿದರೆ ಅದು ಒಡೆಯುತ್ತದೆ. ಒಡೆದಾಗ ಎರಡು ತುಂಡು ಸಿಗುತ್ತವೆ. ಒಂದು ಸ್ಯಾಲಿಸಿಲಿಕ್ ಆಮ್ಲ, ಇನ್ನೊಂದು ಅಸಿಟಿಕ್ ಆಮ್ಲ, ಅಂದರೆ ವಿನಿಗರ್‌ನಲ್ಲಿ ಇರುತ್ತಲ್ಲ, ಅದು. ಈ ಎರಡು ತುಂಡುಗಳೂ ಒಂದೊಂದು ಪಾಲು ಸೋಡಾ ತಿನ್ನುತ್ತವೆ. ಒಟ್ಟು ಮತ್ತೆ ಎರಡೇ. ಅಂದರೆ ಒಳ್ಳೆಯ ಮಾತ್ರೆಗೂ ಹಾಳಾದ ಮಾತ್ರೆಗೂ ಟೈಟ್ರೇಷನ್ ಹೆಚ್ಚುಕಡಿಮೆ ಒಂದೇ ಲೆಕ್ಕ ಕೊಡಬಹುದು! ಹಳಬರಿಗೆ ಇದು ಗೊತ್ತಿತ್ತು. ಅದಕ್ಕೇ ಸ್ಯಾಲಿಸಿಲಿಕ್ ಆಮ್ಲಕ್ಕೆ ಬೇರೆಯೇ ಬಣ್ಣದ ಪರೀಕ್ಷೆ ಇಟ್ಟಿದ್ದರು. ಕಬ್ಬಿಣದ ಲವಣ ಹಾಕಿದರೆ ನೇರಳೆ ಬಣ್ಣ ಬರುತ್ತದೆ.

ಇದರಿಂದ ನಾನು ಕಲಿತದ್ದು, ಇವತ್ತಿನ ಮಾತೆಲ್ಲ ನಿಂತಿರುವುದು, ಒಂದೇ ವಿಷಯದ ಮೇಲೆ. ಬೆರೆತಿರುವುದನ್ನು ಬೆರೆತ ಹಾಗೇ ಅಳೆದರೆ ಲೆಕ್ಕ ಸರಿ ಬಂದರೂ ಉತ್ತರ ತಪ್ಪಿರಬಹುದು. ಮೊದಲು ಬಿಡಿಸಬೇಕು, ಆಮೇಲೆ ಅಳೆಯಬೇಕು.

ಬಿಡಿಸುವುದು ಹೇಗೆ? ಅದಕ್ಕೆ ನಾವು ದೂರ ಹೋಗಬೇಕಾಗಿಲ್ಲ. ಇಲ್ಲೇ ಪಕ್ಕದ ರಸ್ತೆಗೆ ಹೋದರೆ ಸಾಕು.

ಕಾರ್ತಿಕ ಮಾಸದ ಕೊನೆಯ ಸೋಮವಾರ, ಕಡಲೆಕಾಯಿ ಪರಿಷೆ. ರಾಮಕೃಷ್ಣ ಆಶ್ರಮದ ಹತ್ತಿರ ಒಂದು ಮನೆಯವರೆಲ್ಲ ಒಟ್ಟಿಗೆ ಆಟೋ ಇಳಿಯುತ್ತಾರೆ ಅಂದುಕೊಳ್ಳಿ. ಬುಲ್ ಟೆಂಪಲ್ ರಸ್ತೆಯ ಎರಡೂ ಕಡೆ ಅಂಗಡಿ ಸಾಲು. ನಡುವೆ ಜನ ನದಿ ಥರ ಮೆಲ್ಲಗೆ ಮುಂದೆ ಹೋಗುತ್ತಿದ್ದಾರೆ. ಚಿಕ್ಕಪ್ಪನಿಗೆ ಯಾವ ಅಂಗಡಿಯೂ ಬೇಡ, ದೊಡ್ಡ ಬಸವಣ್ಣನಿಗೆ ಕೈ ಮುಗಿದು ಮನೆಗೆ ಹೋದರೆ ಸಾಕು. ಅತ್ತೆ ಬಳೆ ಅಂಗಡಿ ಕಂಡ ಕಡೆಯೆಲ್ಲ ನಿಲ್ಲುತ್ತಾರೆ. ಅಜ್ಜಿ ಪ್ರತಿ ರಾಶಿಯ ಮುಂದೆಯೂ ಕೂತು ಒಂದು ಕಾಯಿ ಒಡೆದು, ಬಾಯಿಗೆ ಹಾಕಿಕೊಂಡು, ಸೇರಿಗೆ ಎಷ್ಟು ಅಂತ ಕೇಳಿ, ಜಾಸ್ತಿ ಆಯಿತು ಅಂತ ಎದ್ದು ಮುಂದಿನ ರಾಶಿಗೆ ಹೋಗುತ್ತಾರೆ. ನೀವು ಗಡಿಯಾರ ಹಿಡಿದು ಗುಡಿಯ ಮೆಟ್ಟಿಲ ಹತ್ತಿರ ನಿಂತಿದ್ದೀರಿ. ಮೊದಲು ಚಿಕ್ಕಪ್ಪ ಬಂದರು. ಆಮೇಲೆ ಅತ್ತೆ. ಕತ್ತಲಾದ ಮೇಲೆ ಅಜ್ಜಿ. ಒಟ್ಟಿಗೆ ಹೊರಟವರು ಬೇರೆ ಬೇರೆಯಾಗಿ ಬಂದು ಸೇರಿದರು. ಯಾರೂ ಅವರನ್ನು ಕೈ ಹಿಡಿದು ಬೇರೆ ಮಾಡಲಿಲ್ಲ.

ಕ್ರೊಮ್ಯಾಟೋಗ್ರಫಿ ಅಂದರೆ ಇಷ್ಟೇ. ಕದಲದೆ ನಿಂತ ಅಂಗಡಿ ಸಾಲು ಸ್ಟೇಷನರಿ ಫೇಸ್. ಹರಿಯುವ ಜನ ಮೊಬೈಲ್ ಫೇಸ್. ಗುಡಿಯ ಹತ್ತಿರ ನಿಂತ ನೀವು ಡಿಟೆಕ್ಟರ್. ಒಬ್ಬೊಬ್ಬರು ತೆಗೆದುಕೊಂಡ ಹೊತ್ತು ರಿಟೆನ್ಷನ್ ಟೈಮ್. ಇಲ್ಲಿ ಒಂದು ಮಾತು ಗಮನಿಸಿ, ನನ್ನ ವಿದ್ಯಾರ್ಥಿಗಳೂ ಇದನ್ನು ಮರೆಯುತ್ತಾರೆ. ನಡೆಯುವಾಗ ಚಿಕ್ಕಪ್ಪನದೂ ಅಜ್ಜಿಯದೂ ಒಂದೇ ವೇಗ, ಯಾಕೆಂದರೆ ಇಬ್ಬರೂ ಅದೇ ಜನರ ನಡುವೆ ಹೋಗುತ್ತಿದ್ದಾರೆ. ನಡೆದ ಹೊತ್ತು ಇಬ್ಬರಿಗೂ ಒಂದೇ. ವ್ಯತ್ಯಾಸ ಇರುವುದೆಲ್ಲ ನಿಂತ ಹೊತ್ತಿನಲ್ಲಿ. ಎಲ್ಲೂ ನಿಲ್ಲದವರು ಬರುವುದಕ್ಕೆ ಬೇಕಾದ ಹೊತ್ತನ್ನು ಲ್ಯಾಬಿನಲ್ಲಿ ಡೆಡ್ ಟೈಮ್ ಅನ್ನುತ್ತೇವೆ. ಅದಕ್ಕಿಂತ ಮೊದಲು ಸಾಮಾನ್ಯವಾಗಿ ಯಾರೂ ಬರಲಾರರು.

ಇನ್ನೊಂದು. ಒಬ್ಬ ಅಜ್ಜಿಯ ಬದಲು ಸಾವಿರ ಅಜ್ಜಿಯರು ಹೊರಟರು ಅನ್ನಿ. ಎಲ್ಲರ ಸ್ವಭಾವವೂ ಒಂದೇ. ಆದರೂ ಎಲ್ಲರೂ ಒಂದೇ ನಿಮಿಷಕ್ಕೆ ಬರುವುದಿಲ್ಲ. ಕೆಲವರು ಸ್ವಲ್ಪ ಮೊದಲು, ಬಹಳಷ್ಟು ಜನ ನಡುವೆ, ಕೆಲವರು ಕೊನೆಗೆ. ಎಣಿಸಿ ಗೆರೆ ಎಳೆದರೆ ಒಂದು ಗುಡ್ಡದ ಆಕಾರ ಬರುತ್ತದೆ. ಅದೇ ಪೀಕ್. ಗುಡ್ಡ ಎಲ್ಲಿದೆ ಅನ್ನುವುದು ಅದು ಯಾರು ಅಂತ ಹೇಳುತ್ತದೆ. ಗುಡ್ಡದ ಒಳಗಿನ ಜಾಗ ಎಷ್ಟು ಅನ್ನುವುದು ಎಷ್ಟು ಜನ ಅಂತ ಹೇಳುತ್ತದೆ. ಗುಡ್ಡಗಳು ತೆಳ್ಳಗಿದ್ದಷ್ಟೂ ಪಕ್ಕಪಕ್ಕದವು ಒಂದರ ಮೇಲೊಂದು ಬೀಳುವುದಿಲ್ಲ. ಅಂಗಡಿಗಳು ಸಣ್ಣವಾಗಿ, ಒಂದೇ ಅಳತೆಯಲ್ಲಿ, ಒತ್ತಾಗಿ ಇದ್ದರೆ ಗುಡ್ಡ ತೆಳ್ಳಗಾಗುತ್ತದೆ. ಕಾಲಮ್, ಅಂದರೆ ಕಣ ತುಂಬಿದ ಕೊಳವೆ, ಮಾಡುವವರು ಐವತ್ತು ಅರವತ್ತು ವರ್ಷದಿಂದ ಇದೇ ಹಾದಿಯಲ್ಲಿ ಇದ್ದಾರೆ. ಮೊದಲು ದಪ್ಪ ಕಣ, ಆಮೇಲೆ 10 ಮೈಕ್ರಾನ್ (ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ), 5 ಮೈಕ್ರಾನ್, ಈಗ 2 ಮೈಕ್ರಾನ್‌ಗಿಂತ ಸಣ್ಣದು.

ಇದನ್ನು ಮೊದಲು ಕಂಡವರು ಮಿಖಾಯಿಲ್ ತ್ಸ್ವೆಟ್, ರಷ್ಯಾದ ಸಸ್ಯವಿಜ್ಞಾನಿ. ವಾರ್ಸಾದಲ್ಲಿ ಕೆಲಸ ಮಾಡುತ್ತಿದ್ದರು. ಗಾಜಿನ ಸಣ್ಣ ಕೊಳವೆಯಲ್ಲಿ ಸೀಮೆಸುಣ್ಣದ ಪುಡಿ ತುಂಬಿ, ಮೇಲಿಂದ ಹಸಿರೆಲೆಯ ಸಾರ ಸುರಿದು, ದ್ರಾವಕ ಹರಿಸಿದರು. ಒಂದೇ ಹಸಿರು ಅಂತ ಎಲ್ಲರೂ ಅಂದುಕೊಂಡಿದ್ದು ಹಸಿರಿನ ಎರಡು ಪಟ್ಟಿ, ಹಳದಿಯ ಕೆಲವು ಪಟ್ಟಿಗಳಾಗಿ ಬಿಡಿಸಿಕೊಂಡಿತು. 1903ರಲ್ಲಿ ಈ ಕೆಲಸದ ಬಗ್ಗೆ ಮಾತಾಡಿದರು. 1906ರಲ್ಲಿ ಕ್ರೊಮ್ಯಾಟೋಗ್ರಫಿ ಅಂತ ಹೆಸರಿಟ್ಟರು. ಗ್ರೀಕ್ ಭಾಷೆಯಲ್ಲಿ ಕ್ರೋಮಾ ಅಂದರೆ ಬಣ್ಣ. ರಷ್ಯನ್ ಭಾಷೆಯಲ್ಲಿ ತ್ಸ್ವೆಟ್ ಅಂದರೂ ಬಣ್ಣವೇ! ಆದರೆ ಅವರ ಕೆಲಸವನ್ನು ಆ ಕಾಲದ ದೊಡ್ಡವರು ಅಷ್ಟಾಗಿ ಒಪ್ಪಲಿಲ್ಲ. 1919ರಲ್ಲಿ, ಇನ್ನೂ 47ನೇ ವಯಸ್ಸಿನಲ್ಲಿ, ಅವರು ತೀರಿಕೊಂಡರು. ಜಗತ್ತು ಅವರ ಕೊಳವೆಯನ್ನು ಮತ್ತೆ ಕೈಗೆತ್ತಿಕೊಂಡದ್ದು 1931ರ ಹೊತ್ತಿಗೆ. ನನಗೆ ಈ ಮನುಷ್ಯನ ಮೇಲೆ ತುಂಬಾ ಪ್ರೀತಿ. ಪ್ರತಿ ವರ್ಷ ಮೊದಲ ಪಾಠ ಅವರಿಂದಲೇ ಶುರು ಮಾಡುತ್ತೇನೆ.

ಆಮೇಲೆ 1941ರಲ್ಲಿ ಇಂಗ್ಲೆಂಡಿನ ಲೀಡ್ಸ್‌ನಲ್ಲಿ ಆರ್ಚರ್ ಮಾರ್ಟಿನ್ ಮತ್ತು ರಿಚರ್ಡ್ ಸಿಂಜ್ ಇನ್ನೊಂದು ಬಾಗಿಲು ತೆರೆದರು. ಅವರಿಗೆ ಉಣ್ಣೆಯ ಪ್ರೋಟೀನಿನ ಅಮೈನೋ ಆಮ್ಲಗಳನ್ನು ಬಿಡಿಸಬೇಕಾಗಿತ್ತು. ಘನದ ಮೇಲ್ಮೈಗೆ ಅಂಟಿಕೊಳ್ಳುವುದರ ಬದಲು, ಎರಡು ದ್ರವಗಳ ನಡುವೆ ವಸ್ತು ಹಂಚಿಹೋಗುವ ಗುಣವನ್ನು ಬಳಸಿದರು. ಇದು ಪಾರ್ಟಿಷನ್ ಕ್ರೊಮ್ಯಾಟೋಗ್ರಫಿ. ತ್ಸ್ವೆಟ್ ಮಾಡಿದ್ದು ಅಡ್ಸಾರ್ಪ್ಷನ್. ಅಂಗಡಿಯ ಮುಂದೆ ಕೈಯೂರಿ ನಿಲ್ಲುವುದಕ್ಕೂ ಒಳಗೆ ಹೋಗಿ ಕೂರುವುದಕ್ಕೂ ಇರುವ ವ್ಯತ್ಯಾಸ ಅನ್ನಿ. 1952ರಲ್ಲಿ ಇಬ್ಬರಿಗೂ ನೊಬೆಲ್ ಬಂತು.

"ಮೇಡಂ, ಬಣ್ಣ ಬಂತು!"

ಮುಂದಿನ ಸಾಲಿನಿಂದ ಕೂಗು ಬಂದದ್ದು ಇಲ್ಲಿ. ಸರಿ, ಮೇಲೆತ್ತಿ ತೋರಿಸುತ್ತೇನೆ. ನೋಡಿ, ಕಪ್ಪು ಚುಕ್ಕೆ ಇದ್ದ ಕಡೆ ಈಗ ಕಪ್ಪು ಇಲ್ಲ. ಕೆಳಗೆ ಗುಲಾಬಿ, ಅದರ ಮೇಲೆ ನೇರಳೆ, ತುದಿಯಲ್ಲಿ ನೀಲಿ. ಕಪ್ಪು ಅನ್ನುವುದು ಒಂದು ಬಣ್ಣ ಆಗಿರಲೇ ಇಲ್ಲ. ಇವತ್ತಿನ ಶಾಲೆಯ ಸೀಮೆಸುಣ್ಣ ಹೆಚ್ಚಾಗಿ ಜಿಪ್ಸಮ್, ತ್ಸ್ವೆಟ್ ಬಳಸಿದ್ದು ಕ್ಯಾಲ್ಸಿಯಂ ಕಾರ್ಬೊನೇಟ್. ಆದರೂ ಕೆಲಸ ಅದೇ. ಇನ್ನೊಂದು ಕಡ್ಡಿ ನೋಡಿ. ಪರ್ಮನೆಂಟ್ ಮಾರ್ಕರ್ ಚುಕ್ಕೆ ಇಟ್ಟಲ್ಲೇ ಇದೆ. ನೀರು ಅದನ್ನು ದಾಟಿ ಮೇಲೆ ಹೋಗಿದೆ. ಹಾಗಾದರೆ ಅದು ಒಂದೇ ಬಣ್ಣ ಅಂತ ಹೇಳಬಹುದಾ? ಹೇಳುವ ಹಾಗಿಲ್ಲ. ಒಣಗಿದ ಇನ್ನೊಂದು ಕಡ್ಡಿಗೆ ಅದೇ ಮಾರ್ಕರ್ ಹಚ್ಚಿ, ಈಗ ಸರ್ಜಿಕಲ್ ಸ್ಪಿರಿಟ್‌ನಲ್ಲಿ ನಿಲ್ಲಿಸುತ್ತೇನೆ. ನೋಡುತ್ತಿರಿ. ಅದೇ ಥರದ ಕಡ್ಡಿ, ಅದೇ ಥರದ ಚುಕ್ಕೆ, ಹರಿಯುವುದು ಮಾತ್ರ ಬೇರೆ. ನಮ್ಮ ಕೆಲಸದ ಮುಕ್ಕಾಲು ಪಾಲು ಈ ಹರಿಯುವುದನ್ನು ಸರಿಯಾಗಿ ಆರಿಸುವುದರಲ್ಲೇ ಹೋಗುತ್ತದೆ.

ಮನೆಯಲ್ಲೂ ಇದನ್ನು ನೀವು ನೋಡಿದ್ದೀರಿ. ಬಿಳಿ ಪಂಚೆಯ ಮೇಲೆ ತಿಳಿಸಾರು ಚೆಲ್ಲಿದರೆ, ಅರಿಶಿನದ ಹಳದಿ ನಡುವೆ ನಿಲ್ಲುತ್ತದೆ, ನೀರು ಸುತ್ತ ಹರಡಿ ಒಂದು ಉಂಗುರ ಮಾಡುತ್ತದೆ. ಹತ್ತಿ ನೂಲು ಅರಿಶಿನವನ್ನು ಹಿಡಿದಿಟ್ಟುಕೊಂಡಿತು, ನೀರನ್ನು ಬಿಟ್ಟುಕೊಟ್ಟಿತು.

ಸರಿ, ವಿಧಗಳಿಗೆ ಬರೋಣ. ಪುಸ್ತಕದಲ್ಲಿ ದೊಡ್ಡ ಪಟ್ಟಿ ಇರುತ್ತದೆ. ನನ್ನ ಅನುಭವದಲ್ಲಿ ಒಂದು ಪ್ರಶ್ನೆ ಕೇಳಿಕೊಂಡರೆ ಸಾಕು: ದಾರಿಯಲ್ಲಿ ಇವರು ನಿಲ್ಲುವುದು ಯಾಕೆ?

ಒಂದು ಕಾರಣ ವಿದ್ಯುತ್ ಚಾರ್ಜು. ನಿಮ್ಮ ಅಪಾರ್ಟ್‌ಮೆಂಟಿನಲ್ಲಿ ಬೋರ್‌ವೆಲ್ ನೀರಿಗೆ ಸಾಫ್ಟ್‌ನರ್ ಇದೆಯಲ್ಲ, ಅದರೊಳಗಿನ ರೆಸಿನ್ ಗಡಸು ನೀರಿನ ಕ್ಯಾಲ್ಸಿಯಂ, ಮೆಗ್ನೀಷಿಯಂ ಹಿಡಿದಿಟ್ಟುಕೊಂಡು ಸೋಡಿಯಂ ಬಿಟ್ಟುಕೊಡುತ್ತದೆ. ಆಗಾಗ ಉಪ್ಪು ಸುರಿದು ಅದನ್ನು ಮತ್ತೆ ತಯಾರು ಮಾಡುತ್ತೀರಿ. ಇದೇ ಅಯಾನ್ ಎಕ್ಸ್‌ಚೇಂಜ್. ಔಷಧಿ ಲ್ಯಾಬಿನಲ್ಲಿ ಇದನ್ನು ಪ್ರೋಟೀನ್ ಔಷಧಿಗಳಿಗೆ ಜಾಸ್ತಿ ಬಳಸುತ್ತೇವೆ. ಒಂದೇ ಪ್ರೋಟೀನಿನಲ್ಲಿ ಚಾರ್ಜು ಸ್ವಲ್ಪ ಹೆಚ್ಚುಕಡಿಮೆ ಆದ ರೂಪಗಳು ಎಷ್ಟಿವೆ ಅಂತ ನೋಡುವುದಕ್ಕೆ.

ಇನ್ನೊಂದು ಕಾರಣ ಗಾತ್ರ. ಪರಿಷೆಯಲ್ಲಿ ಮಕ್ಕಳು ಅಂಗಡಿಗಳ ಸಂದಿಯಲ್ಲೆಲ್ಲ ನುಗ್ಗಿ ಬರುತ್ತಾರೆ. ದೊಡ್ಡವರಿಗೆ ಸಂದಿಯಲ್ಲಿ ಹೋಗಲು ಆಗುವುದಿಲ್ಲ, ನೇರ ರಸ್ತೆಯಲ್ಲೇ ಬರುತ್ತಾರೆ. ಹಾಗಾಗಿ ದೊಡ್ಡವರು ಮೊದಲು, ಚಿಕ್ಕವರು ಕೊನೆಗೆ. ಸೈಜ್ ಎಕ್ಸ್‌ಕ್ಲೂಷನ್ ಅಂದರೆ ಇದೇ. ಇನ್ಸುಲಿನ್, ಆ್ಯಂಟಿಬಾಡಿ ಔಷಧಿಗಳು ನಮ್ಮ ಊರಲ್ಲೇ ತಯಾರಾಗುತ್ತವೆ. ಅವುಗಳ ಅಣುಗಳು ಒಂದಕ್ಕೊಂದು ಅಂಟಿಕೊಂಡು ಗಂಟು ಕಟ್ಟಿದ್ದರೆ ಆ ಗಂಟು ಮೊದಲು ಹೊರಗೆ ಬಂದು ಸಿಕ್ಕಿಬೀಳುತ್ತದೆ.

ಮೂರನೆಯದು ಅಫಿನಿಟಿ. ಅತ್ತೆಯ ಕೈಗೆ ಆಗುವ ಅಳತೆಯ ಬಳೆ ಇರುವ ಅಂಗಡಿ ಅದೊಂದೇ. ಬೇರೆಯವರೆಲ್ಲ ದಾಟಿ ಹೋದರೂ ಅತ್ತೆ ಮಾತ್ರ ಅಲ್ಲಿ ಕೂತುಬಿಡುತ್ತಾರೆ. ಪರಿಷೆಯ ಕಡಲೆಕಾಯಿಗೂ ಇದಕ್ಕೂ ನಿಜವಾದ ನಂಟಿದೆ. ಸರಿಯಾಗಿ ಒಣಗಿಸದ ಕಡಲೆಕಾಯಿಗೆ ಬೂಸ್ಟು ಬಂದರೆ ಅಫ್ಲಾಟಾಕ್ಸಿನ್ ಅನ್ನುವ ವಿಷ ಸೇರಬಹುದು. ಅದನ್ನು ಹುಡುಕಲು, ಅಫ್ಲಾಟಾಕ್ಸಿನ್ ಒಂದನ್ನೇ ಹಿಡಿಯುವ ಆ್ಯಂಟಿಬಾಡಿ ತುಂಬಿದ ಪುಟ್ಟ ಕಾಲಮ್‌ನಲ್ಲಿ ಕಡಲೆಕಾಯಿಯ ಸಾರ ಹರಿಸುತ್ತಾರೆ. ಉಳಿದದ್ದೆಲ್ಲ ತೊಳೆದುಹೋಗುತ್ತದೆ. ಇದರ ಬಿ ಜಾತಿ ಯುವಿ ದೀಪದ ಕೆಳಗೆ ನೀಲಿಯಾಗಿ ಹೊಳೆಯುತ್ತದೆ, ಜಿ ಜಾತಿ ಹಸಿರಾಗಿ. ಬ್ಲೂ, ಗ್ರೀನ್ ಅನ್ನುವುದರಿಂದಲೇ ಆ ಹೆಸರು.

ನಾಲ್ಕನೆಯ ಕಾರಣ ಎಣ್ಣೆ ನೀರಿನ ಜಗಳ. ಮಾತ್ರೆ ಲ್ಯಾಬುಗಳಲ್ಲಿ ದಿನ ಬೆಳಗಾದರೆ ನಡೆಯುವುದು ಇದೇ. ಸಿಲಿಕಾ ಕಣಗಳ ಮೇಲೆ 18 ಇಂಗಾಲದ ಉದ್ದನೆಯ ಸರಪಳಿ ಕೂರಿಸಿರುತ್ತಾರೆ. ಸಿ-18 ಕಾಲಮ್ ಅಂತ ಕರೆಯುತ್ತೇವೆ. ಪ್ರತಿ ಕಣಕ್ಕೂ ಎಣ್ಣೆ ಸವರಿದ ಹಾಗೆ. ಅದರ ಮೂಲಕ ನೀರಿಗೆ ಅಸಿಟೋನೈಟ್ರೈಲ್ ಅಥವಾ ಮೆಥನಾಲ್ ಬೆರೆಸಿ ಹರಿಸುತ್ತೇವೆ. ನೀರನ್ನು ಇಷ್ಟಪಡುವ ಅಣು ಬೇಗ ಹೊರಗೆ ಬರುತ್ತದೆ, ಎಣ್ಣೆಯನ್ನು ಇಷ್ಟಪಡುವುದು ಒಳಗೇ ಕೂರುತ್ತದೆ. ಸುಮ್ನೆ ಸಿಲಿಕಾ ಇಟ್ಟು ಮಾಡಿದರೆ ಇದರ ತಿರುಗಾಮುರುಗ ಆಗುತ್ತದೆ. ಅದು ನಾರ್ಮಲ್ ಫೇಸ್, ಇದು ರಿವರ್ಸ್ ಫೇಸ್.

ಈ ಸಭೆಯಲ್ಲಿ ಶುಗರ್ ಇರುವವರು ಬಹಳ ಜನ ಮೆಟ್ಫಾರ್ಮಿನ್ ತೆಗೆದುಕೊಳ್ಳುತ್ತೀರಿ ಅಲ್ವಾ? ಮೆಟ್ಫಾರ್ಮಿನ್‌ಗೆ ನೀರೆಂದರೆ ಪ್ರಾಣ. ಸಿ-18 ಕಾಲಮ್‌ನಲ್ಲಿ ಅದು ಚಿಕ್ಕಪ್ಪನ ಥರ, ಎಲ್ಲೂ ನಿಲ್ಲದೆ ಡೆಡ್ ಟೈಮ್ ಹತ್ತಿರವೇ ಹೊರಗೆ ಬಂದುಬಿಡುತ್ತದೆ. ನಿಲ್ಲದಿದ್ದರೆ ಬಿಡಿಸುವುದು ಹೇಗೆ? ಅದಕ್ಕೊಂದು ಉಪಾಯ ಇದೆ. ಒಂದು ಕಡೆ ವಿರುದ್ಧ ಚಾರ್ಜು, ಇನ್ನೊಂದು ಕಡೆ ಎಣ್ಣೆಯ ಬಾಲ ಇರುವ ಲವಣವನ್ನು ಹರಿಯುವ ದ್ರವಕ್ಕೆ ಸೇರಿಸುತ್ತೇವೆ. ಅದು ಮೆಟ್ಫಾರ್ಮಿನ್ ಜೊತೆ ಜೋಡಿಯಾಗುತ್ತದೆ. ಚಿಕ್ಕಪ್ಪನ ಕೈಗೆ ಒಂದು ಮಗು ಕೊಟ್ಟು ಕಳಿಸಿದ ಹಾಗೆ. ಮಗು ಬೊಂಬೆ ಅಂಗಡಿ ಮುಂದೆ ನಿಂತಾಗ ಚಿಕ್ಕಪ್ಪನೂ ನಿಲ್ಲಲೇಬೇಕು. ಇದಕ್ಕೆ ಅಯಾನ್ ಪೇರ್ ಅನ್ನುತ್ತೇವೆ.

ಇದನ್ನು ಮಾಡುವ ಉಪಕರಣದ ಹೆಸರು ಎಚ್‌ಪಿಎಲ್‌ಸಿ, ದ್ರವವನ್ನು ಕಾಲಮ್‌ನೊಳಗೆ ಜೋರಾಗಿ ತಳ್ಳಿ ಬಿಡಿಸುವ ಯಂತ್ರ. ಒಂದು ಮಾತ್ರೆ ಅದರೊಳಗೆ ಹೋಗುವುದನ್ನು ಹತ್ತಿರದಿಂದ ನೋಡೋಣ. ಜ್ವರದ ಪ್ಯಾರಾಸಿಟಮಾಲ್ ಅನ್ನಿ. 20 ಮಾತ್ರೆ ತೂಗಿ, ಒಟ್ಟಿಗೆ ಅರೆಯುತ್ತೇವೆ. ಒಂದೇ ಮಾತ್ರೆ ತೆಗೆದುಕೊಂಡರೆ ಅದು ಬ್ಯಾಚಿನ ಮಾತು ಹೇಳುವುದಿಲ್ಲ. ಆ ಪುಡಿಯಲ್ಲಿ ಲೆಕ್ಕದ ಪ್ರಕಾರ ತೂಗಿ, ಫ್ಲಾಸ್ಕಿಗೆ ಹಾಕಿ, ದ್ರಾವಕ ಸುರಿದು, ಸಾನಿಕೇಟರ್‌ನಲ್ಲಿ ಇಡುತ್ತೇವೆ. ಜೇನುನೊಣದ ಥರ ಝೇಂಕರಿಸುವ ನೀರಿನ ತೊಟ್ಟಿ ಅದು. ಕರಗಿದ್ದನ್ನು 0.45 ಮೈಕ್ರಾನ್ ಫಿಲ್ಟರ್‌ನಲ್ಲಿ ಸೋಸಿ, ಹೆಬ್ಬೆರಳಿನಷ್ಟು ಉದ್ದದ ಗಾಜಿನ ವಯಲ್‌ಗೆ ತುಂಬುತ್ತೇವೆ. ಯಂತ್ರದ ಸೂಜಿ ಅದರಿಂದ 20 ಮೈಕ್ರೋಲೀಟರ್ ಹೀರುತ್ತದೆ. ಒಂದು ಹನಿಗಿಂತ ಕಡಿಮೆ. ಕಾಲಮ್ ಅಂದರೆ 25 ಸೆಂಟಿಮೀಟರ್ ಉದ್ದದ ಉಕ್ಕಿನ ಕೊಳವೆ, ಒಳಗೆ 4.6 ಮಿಲಿಮೀಟರ್ ಅಗಲ. ಅಷ್ಟು ಸಣ್ಣ ಕಣಗಳ ನಡುವೆ ನಿಮಿಷಕ್ಕೆ 1 ಮಿಲಿಲೀಟರ್ ದ್ರವ ಹರಿಸಬೇಕಾದರೆ ಪಂಪು ಎಷ್ಟು ತಳ್ಳಬೇಕು ಗೊತ್ತಾ? ಕಾರಿನ ಟೈರಿಗೆ ನೀವು 30 ಪಿಎಸ್‌ಐ ಗಾಳಿ ಹಾಕಿಸುತ್ತೀರಿ. ಇಲ್ಲಿ 2000 ಪಿಎಸ್‌ಐ ಮಾಮೂಲಿ. ಹೊಸ ಯುಪಿಎಲ್‌ಸಿ ಯಂತ್ರಗಳು 15000 ಪಿಎಸ್‌ಐವರೆಗೆ ಹೋಗುತ್ತವೆ.

ಕಾಲಮ್ ದಾಟಿ ಬಂದದ್ದರ ಮೇಲೆ ಯುವಿ ಬೆಳಕು ಬೀಳುತ್ತದೆ. ಅಣು ಬೆಳಕನ್ನು ಹೀರಿದಾಗ ಪರದೆಯ ಮೇಲೆ ಗೆರೆ ಏಳುತ್ತದೆ, ಇಳಿಯುತ್ತದೆ. ಇದೇ ಪ್ಯಾರಾಸಿಟಮಾಲ್ ಅಂತ ಗೊತ್ತಾಗುವುದು, ಶುದ್ಧ ಸ್ಟ್ಯಾಂಡರ್ಡ್ (ಎಷ್ಟಿದೆ ಅಂತ ಮೊದಲೇ ಗೊತ್ತಿರುವ ಪ್ಯಾರಾಸಿಟಮಾಲ್) ಹಾಕಿದಾಗಲೂ ಅದೇ ಹೊತ್ತಿಗೆ ಗೆರೆ ಎದ್ದಿತ್ತು ಅನ್ನುವುದರಿಂದ. ಎಷ್ಟು ಅಂತ ಗೊತ್ತಾಗುವುದು ಎರಡು ಪೀಕ್‌ಗಳ ಏರಿಯಾ ಹೋಲಿಸಿ. ಮಾತ್ರೆಯಲ್ಲಿ ಬರೆದದ್ದರ ಶೇಕಡ 95ರಿಂದ 105ರ ನಡುವೆ ಇರಬೇಕು. 500 ಮಿಲಿಗ್ರಾಂ ಅಂತ ಬರೆದಿದ್ದರೆ 475ರಿಂದ 525. ಪಕ್ಕದಲ್ಲೇ ಎಲ್ಲೋ 4-ಅಮೈನೋಫೀನಾಲ್ ಇದೆಯಾ ಅಂತಲೂ ಹುಡುಕುತ್ತೇವೆ. ಪ್ಯಾರಾಸಿಟಮಾಲ್ ತಯಾರಿಸುವಾಗ ಉಳಿದುಕೊಳ್ಳಬಹುದಾದ, ಅದು ಒಡೆದಾಗಲೂ ಹುಟ್ಟುವ ಇಂಪ್ಯೂರಿಟಿ, ಅಂದರೆ ಬೇಡದ ಕಲ್ಮಶ, ಅದು.

ಇದೆಲ್ಲಕ್ಕೂ ಮೊದಲು ಯಂತ್ರವನ್ನೇ ಪರೀಕ್ಷಿಸುತ್ತೇವೆ. ಒಂದೇ ಸ್ಟ್ಯಾಂಡರ್ಡನ್ನು ಐದು ಸಲ ಹಾಕುತ್ತೇವೆ. ಐದೂ ಏರಿಯಾ ಒಂದಕ್ಕೊಂದು ಹತ್ತಿರ ಇರಬೇಕು, ವ್ಯತ್ಯಾಸ ಸಾಮಾನ್ಯವಾಗಿ ಶೇಕಡ 2 ದಾಟಬಾರದು. ಪಕ್ಕದ ಪೀಕ್‌ನಿಂದ ಚೆನ್ನಾಗಿ ದೂರ ಇರಬೇಕು. ಬಾಲ ಎಳೆಯಬಾರದು. ಬ್ಲಾಂಕ್, ಅಂದರೆ ಔಷಧಿ ಇಲ್ಲದ ಬರೀ ದ್ರಾವಕ, ಹಾಕಿದಾಗ ಅಲ್ಲಿ ಏನೂ ಏಳಬಾರದು. ಇಷ್ಟು ಪಾಸಾಗದೆ ಮಾತ್ರೆಯ ವಯಲ್ ಮುಟ್ಟುವ ಹಾಗಿಲ್ಲ.

ಕೆಲಸಕ್ಕೆ ಸೇರಿದ ಮೊದಲ ವರ್ಷ ನನ್ನ ಕೈಯಲ್ಲಿ ಒಂದು ಕಾಲಮ್ ಹಾಳಾಯಿತು. ರಾತ್ರಿ ಪಾಳಿ. ಫಾಸ್ಫೇಟ್ ಬಫರ್, ಅಂದರೆ ಫಾಸ್ಫೇಟ್ ಉಪ್ಪು ಕರಗಿಸಿದ ನೀರು, ಹರಿಯುತ್ತಿತ್ತು. ಕೆಲಸ ಮುಗಿಯಿತು ಅಂತ ನೇರವಾಗಿ ಅಸಿಟೋನೈಟ್ರೈಲ್‌ಗೆ ಬದಲಿಸಿಬಿಟ್ಟೆ. ಅಸಿಟೋನೈಟ್ರೈಲ್‌ನಲ್ಲಿ ಫಾಸ್ಫೇಟ್ ಕರಗುವುದಿಲ್ಲ. ಕಾಲಮ್ ಒಳಗೇ ಉಪ್ಪು ಕಟ್ಟಿಕೊಂಡಿತು. ಒತ್ತಡದ ಅಂಕಿ ಕಣ್ಣೆದುರೇ ಏರಿ, ಏರಿ, ಪಂಪು ತಾನೇ ನಿಂತಿತು. ಬೆಳಗ್ಗೆ ಸೀನಿಯರ್ ಬಂದು ಪಂಪಿನ ತಲೆ ಬಿಚ್ಚಿ ತೋರಿಸಿದರು. ಸೀಲಿನ ಸುತ್ತ ಬಿಳಿ ಹರಳು, ಬೋರ್‌ವೆಲ್ ನೀರಿನ ನಲ್ಲಿ ಬಾಯಲ್ಲಿ ಕಟ್ಟುತ್ತದಲ್ಲ, ಹಾಗೆ. ಅವರು ಬೈಯಲಿಲ್ಲ. "ಉಪ್ಪನ್ನು ಮೊದಲು ನೀರಲ್ಲಿ ತೊಳೀಬೇಕಮ್ಮ" ಅಂದರು ಅಷ್ಟೇ. ಆಮೇಲೆ ಒಂದು ದಿನವೂ ಮರೆತಿಲ್ಲ.

ಇನ್ನೊಂದು ಘಟನೆ ಹೇಳಲೇಬೇಕು. ಯಾವ ಕಾರ್ಖಾನೆ ಅನ್ನುವುದು ಬೇಡ. ಒಂದು ಬ್ಯಾಚಿನಲ್ಲಿ ಒಂದು ಇಂಪ್ಯೂರಿಟಿ ಶೇಕಡ 0.20 ಮೀರುವ ಹಾಗಿರಲಿಲ್ಲ. ನನಗೆ 0.23 ಬಂತು. ಲಾರಿ ಕಾಯುತ್ತಿತ್ತು. ಪೀಕ್‌ನ ಬುಡದ ಗೆರೆಯನ್ನು ಮೌಸ್‌ನಿಂದ ಒಂಚೂರು ಮೇಲೆ ಎಳೆದರೆ 0.19 ಆಗುತ್ತಿತ್ತು. "ಎಲ್ಲರೂ ಮಾಡ್ತಾರೆ" ಅಂದರು ಒಬ್ಬರು. ನಾನು ಎಳೆಯಲಿಲ್ಲ. ಎರಡು ದಿನ ಯಾರೂ ಸರಿಯಾಗಿ ಮಾತಾಡಿಸಲಿಲ್ಲ. ಆಮೇಲೆ ಹುಡುಕಿದಾಗ ಗೊತ್ತಾಯಿತು, ಒಣಗಿಸುವ ಡ್ರೈಯರ್‌ನ ಬಿಸಿ ಹದ ತಪ್ಪಿತ್ತು. ಆ ಗೆರೆ ಸುಳ್ಳು ಹೇಳಿದ್ದರೆ ಮುಂದಿನ ಬ್ಯಾಚೂ ಹಾಗೇ ಬರುತ್ತಿತ್ತು. ಇವತ್ತು ಸಾಫ್ಟ್‌ವೇರಿನಲ್ಲಿ ಆಡಿಟ್ ಟ್ರೇಲ್ ಇದೆ, ಯಾರು ಯಾವಾಗ ಗೆರೆ ಮುಟ್ಟಿದರು ಅನ್ನುವುದು ದಾಖಲಾಗುತ್ತದೆ. ಒಳ್ಳೆಯದೇ ಆಯಿತು.

ಪ್ಲೇಟಿನ ಮೇಲೆ ಮಾಡುವ ಟಿಎಲ್‌ಸಿ, ಅಂದರೆ ತೆಳು ಪದರದ ಕ್ರೊಮ್ಯಾಟೋಗ್ರಫಿ, ಬಗ್ಗೆ ಹೆಚ್ಚು ಹೇಳುವುದಿಲ್ಲ, ನೀವು ಈಗ ಸೀಮೆಸುಣ್ಣದಲ್ಲಿ ನೋಡಿದ್ದು ಅದರ ಅಕ್ಕನನ್ನೇ. ಗಾಜು ಅಥವಾ ಅಲ್ಯೂಮಿನಿಯಂ ಹಾಳೆಗೆ ಸಿಲಿಕಾ ಬಳಿದಿರುತ್ತಾರೆ. ಕಡಿಮೆ ಖರ್ಚು, ಬೇಗ ಮುಗಿಯುತ್ತದೆ. ಗಿಡಮೂಲಿಕೆಗಳ ವಿಷಯದಲ್ಲಿ ಈಗಲೂ ಅದಕ್ಕೆ ಒಳ್ಳೆಯ ಬೆಲೆ ಇದೆ. ಅಶ್ವಗಂಧದ ಪುಡಿ ನಿಜವಾದದ್ದಾ ಅಂತ ಪಟ್ಟಿಗಳ ಸಾಲು ನೋಡಿ ಹೇಳಬಹುದು, ಬೆರಳಚ್ಚು ನೋಡಿದ ಹಾಗೆ.

ಗ್ಯಾಸ್ ಕ್ರೊಮ್ಯಾಟೋಗ್ರಫಿ ಬಗ್ಗೆ ಮಾತ್ರ ನಿಲ್ಲಲೇಬೇಕು. ಇಲ್ಲಿ ಹರಿಯುವುದು ಗಾಳಿಯಂಥದ್ದು, ಹೀಲಿಯಂ ಅಥವಾ ನೈಟ್ರೋಜನ್. ಕಾಲಮ್ ತುಂಬಾ ಸಣ್ಣ ರಂಧ್ರದ ಕೊಳವೆ, 30 ಮೀಟರ್ ಉದ್ದ, ಬಳೆಯ ಥರ ಸುತ್ತಿ ಒಲೆಯೊಳಗೆ ಇಟ್ಟಿರುತ್ತಾರೆ. ಬಿಸಿ ಮಾಡಿದರೆ ಆವಿಯಾಗುವುದನ್ನೆಲ್ಲ ಇದರಲ್ಲಿ ಬಿಡಿಸಬಹುದು. ಮಾತ್ರೆ ತಯಾರಿಕೆಯಲ್ಲಿ ಉಳಿದ ದ್ರಾವಕಗಳನ್ನು ನೋಡುವುದು ಹೀಗೇ. ಮೆಥನಾಲ್‌ಗೆ ಮಿತಿ 3000 ಪಿಪಿಎಂ, ಅಂದರೆ ಹತ್ತು ಲಕ್ಷ ಪಾಲಿನಲ್ಲಿ 3000 ಪಾಲು. ಬೆಂಜೀನ್‌ಗೆ ಬರೀ 2.

ಇಲ್ಲಿ ನಿಲ್ಲಲೇಬೇಕು ಅಂದದ್ದು ಯಾಕೆ ಅಂದರೆ, 1937ರಲ್ಲಿ ಅಮೆರಿಕದಲ್ಲಿ ಒಂದು ಸಲ್ಫಾ ಔಷಧಿಯನ್ನು ಡೈಎಥಿಲೀನ್ ಗ್ಲೈಕಾಲ್‌ನಲ್ಲಿ ಕರಗಿಸಿ ಮಾರಿದರು. ನೂರಕ್ಕೂ ಹೆಚ್ಚು ಜನ ಸತ್ತರು, ಅವರಲ್ಲಿ ಮಕ್ಕಳು ಬಹಳ. ಈ ಗ್ಲೈಕಾಲ್ ಸಿಹಿಯಾಗಿರುತ್ತದೆ, ಮಂದವಾಗಿರುತ್ತದೆ, ನೋಡಲು ಗ್ಲಿಸರಿನ್ ಥರವೇ. ಕಣ್ಣಿಗೂ ನಾಲಗೆಗೂ ಗೊತ್ತಾಗುವುದಿಲ್ಲ, ಕಿಡ್ನಿಗೆ ಗೊತ್ತಾಗುತ್ತದೆ. 2022ರ ಅಕ್ಟೋಬರ್‌ನಲ್ಲಿ ಗ್ಯಾಂಬಿಯಾದ ಮಕ್ಕಳ ಸಾವಿನ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆ ಎಚ್ಚರಿಕೆ ಕೊಟ್ಟಾಗ ಮತ್ತೆ ಅದೇ ಹೆಸರು ಬಂತು, ಎಥಿಲೀನ್ ಗ್ಲೈಕಾಲ್ ಜೊತೆಗೆ. ಆ ಸಿರಪ್‌ಗಳು ನಮ್ಮ ದೇಶದಲ್ಲಿ ತಯಾರಾದವು. 2023ರ ಜೂನ್‌ನಿಂದ ಹೊರದೇಶಕ್ಕೆ ಹೋಗುವ ಕೆಮ್ಮಿನ ಸಿರಪ್‌ಗೆ ಸರ್ಕಾರಿ ಲ್ಯಾಬಿನ ಪರೀಕ್ಷೆ ಕಡ್ಡಾಯ ಮಾಡಿದರು. ಗ್ಯಾಸ್ ಕ್ರೊಮ್ಯಾಟೋಗ್ರಫಿಯಲ್ಲಿ ಗ್ಲಿಸರಿನ್ ಬೇರೆ, ಇದು ಬೇರೆ, ಎರಡು ಸ್ಪಷ್ಟ ಪೀಕ್. ಅರ್ಧ ಗಂಟೆಯ ಕೆಲಸ. ಆ ಹೊತ್ತಿಗಾಗಲೇ 85 ವರ್ಷದಿಂದ ಗೊತ್ತಿದ್ದ ವಿಷ. ಅದನ್ನು ನೋಡದೆ ಬಿಟ್ಟರು ಅನ್ನುವುದನ್ನು ನನಗೆ ಇವತ್ತಿಗೂ ತಡೆದುಕೊಳ್ಳಲು ಆಗುವುದಿಲ್ಲ.

ನೋಡಿದರೂ ಕಾಣದ ಪ್ರಸಂಗವೂ ಉಂಟು. 2018ರಲ್ಲಿ ಬಿಪಿ ಮಾತ್ರೆ ವಾಲ್ಸಾರ್ಟನ್‌ನಲ್ಲಿ ಎನ್‌ಡಿಎಂಎ ಸಿಕ್ಕಿತು, ಕ್ಯಾನ್ಸರ್ ತರಬಲ್ಲದು ಅಂತ ಭಾವಿಸುವ ವಸ್ತು. ಆ ಬ್ಯಾಚುಗಳೆಲ್ಲ ಎಚ್‌ಪಿಎಲ್‌ಸಿ ಪಾಸಾಗಿದ್ದವು! ತಯಾರಿಸುವ ವಿಧಾನ ಬದಲಿಸಿದಾಗ ಅದು ಹುಟ್ಟಿಕೊಂಡಿತ್ತು. ದಿನಕ್ಕೆ 96 ನ್ಯಾನೋಗ್ರಾಂ ಮೀರಬಾರದು ಅಂತ ಆಮೇಲೆ ಮಿತಿ ಇಟ್ಟರು. ನ್ಯಾನೋಗ್ರಾಂ ಅಂದರೆ ಒಂದು ಗ್ರಾಂನ ನೂರು ಕೋಟಿಯ ಒಂದು ಭಾಗ. ಮಾಮೂಲಿ ಯುವಿ ಡಿಟೆಕ್ಟರ್ ಅಷ್ಟು ಸಣ್ಣದನ್ನು ಕಾಣದು. ಕಾಲಮ್‌ನ ತುದಿಗೆ ಮಾಸ್ ಸ್ಪೆಕ್ಟ್ರೋಮೀಟರ್ ಜೋಡಿಸಿ, ಅಣುವಿನ ತೂಕವನ್ನೇ ಹಿಡಿಯಬೇಕು. ಕ್ರೊಮ್ಯಾಟೋಗ್ರಫಿ ನಾವು ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡುತ್ತದೆ. ನೀರಿನಲ್ಲಿ ನಿಂತ ಆ ಮಾರ್ಕರ್ ಚುಕ್ಕೆಯ ಹಾಗೆ. ಈಗ ಸ್ಪಿರಿಟ್‌ನಲ್ಲಿರುವ ಕಡ್ಡಿ ನೋಡಿ ಮಕ್ಕಳೇ, ಏನಾಗಿದೆ? ಹೌದು, ಹೊರಟಿದೆ.

ಮಾತು ಮುಗಿದ ಮೇಲೆ ಮೂರನೇ ಸಾಲಿನಿಂದ ಒಬ್ಬ ಅಜ್ಜಿ ಕೈ ಎತ್ತಿದರು. "ನೋಡಮ್ಮ, ನಮ್ಮ ಮನೆಯವರಿಗೆ ಹಾರ್ಟಿಗೆ ಆಸ್ಪಿರಿನ್ ಕೊಟ್ಟಿದ್ದಾರೆ, 75ರದ್ದು. ಅವರಿಗೆ ಹಾಳೆ ಕೀಳೋಕೆ ಬೆರಳು ಬರಲ್ಲ. ನಾನೇ ಎಲ್ಲಾ ಬಿಡಿಸಿ ಡಬ್ಬಿಗೆ ಹಾಕಿಡ್ತೀನಿ. ತಪ್ಪಾ?"

ಡಬ್ಬಿ ಎಲ್ಲಿಡುತ್ತೀರಿ ಅಮ್ಮ, ಅಂತ ಕೇಳಿದೆ.

"ಅಡುಗೆಮನೆ ಕಿಟಕೀಲಿ. ಒಲೆ ಪಕ್ಕ."

ಒಲೆಯ ಪಕ್ಕ ಅಂದರೆ ದಿನಕ್ಕೆ ಮೂರು ಹೊತ್ತು ಅನ್ನದ ಆವಿ, ಕುಕ್ಕರಿನ ಆವಿ. ಔಷಧಿ ಕಂಪನಿಗಳು ಮಾತ್ರೆಯನ್ನು ಬೇಗ ಹಾಳುಗೆಡವಿ ನೋಡಲೆಂದೇ 40 ಡಿಗ್ರಿ ಬಿಸಿ, ಶೇಕಡ 75 ತೇವದ ಪೆಟ್ಟಿಗೆಯಲ್ಲಿ ಆರು ತಿಂಗಳು ಇಡುತ್ತವೆ. ಇದನ್ನು ಅವರಿಗೆ ಹೇಳಿದೆ. ಮಾತ್ರೆ ನಿಲ್ಲಿಸಬೇಡಿ, ಹೊಸ ಸ್ಟ್ರಿಪ್ ತನ್ನಿ, ಆ ದಿನದ್ದನ್ನು ಆ ದಿನವೇ ಬಿಡಿಸಿ ಕೊಡಿ ಅಂದೆ. ಅವರು ಚೀಲದಿಂದ ಒಂದು ಪುಟ್ಟ ಸ್ಟೀಲ್ ಡಬ್ಬಿ ತೆಗೆದರು. ಹೊರಗೆ ಬಂದಾಗ ಮಧ್ಯಾಹ್ನಕ್ಕೆ ಬೇಕಾಗುತ್ತೆ ಅಂತ ತಂದಿದ್ದರಂತೆ. ಮುಚ್ಚಳ ತೆಗೆದು ಮೂಸಿದೆ. ಅವರ ಕೈಗೇ ಕೊಟ್ಟೆ. ಅವರೂ ಮೂಸಿದರು. ಹುಳಿ, ತೆಳ್ಳಗೆ, ಆದರೆ ತಪ್ಪಿಸಿಕೊಳ್ಳುವಂತಿಲ್ಲ. ವಿನಿಗರ್ ವಾಸನೆ.

"ಅಯ್ಯೋ, ಡಬ್ಬಿ ಉಪ್ಪಿನಕಾಯೀದು ಕಣಮ್ಮ, ಅದರ ವಾಸನೆ ಅಂದ್ಕೊಂಡಿದ್ದೆ" ಅಂದರು ಅಜ್ಜಿ. ಅಷ್ಟರಲ್ಲಿ ಡಬ್ಬಿ ಮುಂದಿನ ಸಾಲಿನ ಮಕ್ಕಳ ಕೈಗೆ ಹೋಗಿತ್ತು.